ಬಿರುಕಿಗೆ ತುಂಬಿದ ಬಿಳಿ ಬಣ್ಣ

ನಮ್ಮೂರಿನ ಕಲ್ಲಿನ ಮೇಲೆ ಕತ್ತಿಯ ಏಟು ತಿಂದು ಬೀಳುತ್ತಿರುವ ಗಡ್ಡದವನೊಬ್ಬನಿದ್ದ. ಅವನನ್ನು ಬರೆದವನು ನಾನು. ಆ ಚಿತ್ರದ ಫೋಟೋ ತೆಗೆದು ಮೊಬೈಲಿನಲ್ಲಿ ಊರೂರಿಗೆ ಕಳಿಸುವ ಹುಡುಗರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದರ ಮುಂದೆ ನಿಂತು ಎದೆಯುಬ್ಬಿಸುವ ದೊಡ್ಡವರನ್ನು ಕಂಡರೂ ಉರಿಯುತ್ತದೆ. ಆದರೆ ಬಣ್ಣದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಆ ಕಲ್ಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತವರು ಅವರ್ಯಾರೂ ಅಲ್ಲ. ಎಪ್ಪತ್ತು ದಾಟಿದ ಮೇಲೆ ಇದನ್ನು ಬರೆಯುತ್ತಿರುವುದು ಓದಿದವರು ಪಾಪ ಅನ್ನಲಿ ಎಂದಲ್ಲ. ಅನ್ನಬೇಡಿ.

ನಮ್ಮೂರು ಇರುವುದು ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಕೂಡುವ ಕಡೆ. ಊರ ಮುಂದಿನ ರಸ್ತೆಯ ಪಕ್ಕ, ಹೊಂಗೆಮರದ ಕೆಳಗೆ, ಎದೆಯೆತ್ತರದ ಒಂದು ವೀರಗಲ್ಲು. ಮೇಲಿನ ಸಾಲಿನಲ್ಲಿ ಲಿಂಗ. ನಡುವಿನ ಸಾಲಿನಲ್ಲಿ ಸತ್ತವನನ್ನು ತೋಳು ಹಿಡಿದು ಸ್ವರ್ಗಕ್ಕೆ ಒಯ್ಯುವ ಹೆಂಗಸರು. ಕೆಳಗಿನ ಸಾಲಿನಲ್ಲಿ ಕತ್ತಿ ಹಿಡಿದ ಇಬ್ಬರು ಗಂಡಸರು, ಅವರ ಕಾಲ ಬಳಿ ದನಗಳು, ಒಂದು ಕರು. ಸಾಲುಗಳ ನಡುವಿನ ಪಟ್ಟಿಯಲ್ಲಿ ಹಳೆಯ ಅಕ್ಷರ. ನಮ್ಮೂರಿನ ಹೆಂಗಸರ ಬಾಯಲ್ಲಿ ಅದು ವೀರಗಲ್ಲಾಗಿರಲಿಲ್ಲ, ಕರೂನ್ ಕಲ್ಲು. ಯಾರ ಮನೆಯ ಹಸು ಕರು ಹಾಕಿದರೂ ಗಿಣ್ಣುಹಾಲಿನ ಮೊದಲ ಸೌಟು ಆ ಕಲ್ಲಿನ ಮೇಲೆ ಬೀಳಬೇಕು. ನನ್ನ ಅವ್ವನೂ ಹುಯ್ದಿದ್ದಾಳೆ. ಆ ಹಾಲಿನ ಜಿಡ್ಡನ್ನು ಬಟ್ಟೆಯ ಸೋಪಿನಲ್ಲಿ ಉಜ್ಜಿ ತೆಗೆದು ಅದರ ಮೇಲೆ ಬಣ್ಣ ಬಳಿದ ನನಗೆ, ಇಷ್ಟು ಹಾಲು ಯಾಕೆ ಬಿದ್ದಿದೆ ಎಂದು ಒಂದು ಸಲವೂ ಅನ್ನಿಸಲಿಲ್ಲ.

ಇನ್ನೊಂದು ಪದ್ಧತಿಯಿತ್ತು. ನಮ್ಮೂರಲ್ಲಿ ಎತ್ತುಗಳಿಗೆ ಲಾಳ ಕಟ್ಟುವ ಸಾಬರ ಮನೆ ಒಂದೇ. ಹೇಮಗಿರಿಯ ದನಗಳ ಜಾತ್ರೆಗೆ ಹೊರಡುವ ಬೆಳಿಗ್ಗೆ ನಮ್ಮೂರಿನ ಎತ್ತುಗಳು, ನಾಗಮಂಗಲದ ಕಡೆಯಿಂದ ನಡೆದು ಬಂದ ಎತ್ತುಗಳು, ಎಲ್ಲವೂ ಆ ಕಲ್ಲಿನ ಮುಂದೆ ನಿಲ್ಲುತ್ತಿದ್ದವು. ಸಾಬರು ಕೆಂಡದ ಬಟ್ಟಲಿಗೆ ಲೋಬಾನದ ಪುಡಿ ಹಾಕಿ ಮೊದಲು ಕಲ್ಲಿಗೆ, ಆಮೇಲೆ ಒಂದೊಂದೇ ಎತ್ತಿನ ಮೂತಿಗೆ, ಗೊರಸಿಗೆ ಹೊಗೆ ತೋರಿಸುತ್ತಿದ್ದರು. ದೃಷ್ಟಿ ತಾಕಬಾರದು, ದಾರಿಯಲ್ಲಿ ಲಾಳ ಕಳಚಬಾರದು, ಅದಕ್ಕೆ. ಲಿಂಗವಿರುವ ಕಲ್ಲಿಗೆ ಸಾಬರ ಹೊಗೆ ಯಾಕೆ ಎಂದು ಕೇಳಿದವರನ್ನು ಆಗ ನಾನು ಕಂಡಿರಲಿಲ್ಲ. ಆ ಮನೆಯ ಮಗ ನನ್ನ ಗೆಳೆಯ. ಎಸ್ಸೆಸ್ಸೆಲ್ಸಿಯವರೆಗೆ ಒಂದೇ ಬೆಂಚು. ಅವನು ಗಣಿತದಲ್ಲಿ ನಪಾಸಾಗಿ ಅಪ್ಪನ ಸುತ್ತಿಗೆ ಹಿಡಿದ. ನಾನು ಪಾಸಾದೆ. ಆಚಾರಿ ಮನೆಯಲ್ಲಿ ಹುಟ್ಟಿ ಉಳಿ ಹಿಡಿಯದೆ ಬ್ರಷ್ಷು ಹಿಡಿದು ಶ್ರೀರಂಗಪಟ್ಟಣಕ್ಕೆ ಹೋದೆ.

ಅಲ್ಲಿ ಬೋರ್ಡು ಬರೆಯುವ ಅಂಗಡಿ ಇಟ್ಟೆ. ಪ್ರವಾಸಿಗರ ಊರು. ಹೋಟೆಲಿನ ಗೋಡೆ, ಟಾಂಗಾದ ಹಿಂಬದಿ, ಸಂಘಗಳ ಮೆರವಣಿಗೆಯ ಪರದೆ, ಎಲ್ಲದಕ್ಕೂ ಕೋಟೆ, ಕುದುರೆ, ಕತ್ತಿ ಬೇಕು. ಒಬ್ಬನೇ ಸುಲ್ತಾನನನ್ನು ಒಂದು ಬೀದಿಯವರಿಗೆ ಹುಲಿಯ ಹಾಗೆ, ಪಕ್ಕದ ಬೀದಿಯವರಿಗೆ ರಾಕ್ಷಸನ ಹಾಗೆ ಬರೆದುಕೊಟ್ಟಿದ್ದೇನೆ. ಎರಡಕ್ಕೂ ಬಣ್ಣ ಒಂದೇ ಡಬ್ಬಿಯದು. ಕಣ್ಣಿನ ಗುಡ್ಡೆ ಒಂದಿಷ್ಟು ದೊಡ್ಡದು ಮಾಡಿ ಹುಬ್ಬು ಕೂಡಿಸಿದರೆ ರಾಕ್ಷಸ. ಆಗ ಅದು ನನಗೆ ತಮಾಷೆಯಾಗಿ ಕಾಣುತ್ತಿತ್ತು, ಕಸುಬಿನ ಚಾಲಾಕು ಅಂದುಕೊಂಡಿದ್ದೆ.

ಬಿಡುವಿದ್ದಾಗ ಸೈಕಲ್ ಹತ್ತಿ ಹಳೆಯ ಕಲ್ಲುಗಳನ್ನು ಹುಡುಕಿಕೊಂಡು ಹೋಗುವ ಹುಚ್ಚಿತ್ತು. ತೊಣ್ಣೂರಿನ ಕೆರೆ ಏರಿ, ನಾಗಮಂಗಲದ ರಾಗಿ ಹೊಲಗಳ ಬದು, ಕೆ.ಆರ್. ಪೇಟೆಯ ಪಾಳು ಗುಡಿಗಳು. ಲೈಬ್ರರಿಯಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಪಟ್ಟಣದಲ್ಲಿ ಕೋಟೆ ಎದ್ದು ರಾಜಧಾನಿಯಾಗುವ ಮುಂಚೆ ನಮ್ಮ ಸೀಮೆ ಬಹಳ ಕಾಲ ಗಡಿಯಾಗಿತ್ತು, ಒಬ್ಬ ರಾಜನ ಕೈ ಸೋಲುವ ಕಡೆ, ಇನ್ನೊಬ್ಬನ ಕೈ ಶುರುವಾಗುವ ಕಡೆ. ಇದು ನನಗೆ ಬಹಳ ಹಿಡಿಸಿತ್ತು. ಆದರೆ ಗಡಿ ಎಂದ ಕೂಡಲೇ ನನ್ನ ತಲೆಗೆ ಬರುತ್ತಿದ್ದದ್ದು ಓದಿದ ಪುಸ್ತಕವಲ್ಲ, ಗೋಡೆಗೆ ನೇತುಹಾಕಿದ ಕ್ಯಾಲೆಂಡರು. ಈ ಕಡೆ ಕೆಂಪು ಮೈಯ ಮೀಸೆಯವನು, ಆ ಕಡೆ ಹಸಿರು ಅಂಗಿಯ ಗಡ್ಡದವನು, ನಡುವೆ ಕತ್ತಿಯ ಕಿಡಿ. ಈ ಚಿತ್ರವನ್ನು ನಾನು ಎಷ್ಟು ಗೋಡೆಗಳಿಗೆ ಬರೆದಿದ್ದೆನೆಂದರೆ, ಕೊನೆಗೆ ನಾನೇ ಅದನ್ನು ನಂಬಿದ್ದೆ.

ಅಂಗಡಿ ಮುಚ್ಚಿ ಊರಿಗೆ ವಾಪಸಾದ ಮೇಲೆ ಊರಿನ ಯುವಕರ ಸಂಘದ ಅಧ್ಯಕ್ಷ ಮನೆಗೆ ಬಂದ. ಇಟ್ಟಿಗೆ ಗೂಡು ನಡೆಸುವ ಹುಡುಗ, ಮಾತಿನಲ್ಲಿ ಬಲು ನಯ.

"ಆಚಾರ್ ತಾತ, ಕರೂನ್ ಕಲ್ಲು ಅಂದ್ರೆ ಎಲ್ರೂ ನಗ್ತಾರೆ. ನೀವು ಓದ್ದೋರು. ಅದ್ರಲ್ಲಿ ಏನ್ ಬರ್ದದೆ ಅಂತ ಯೋಳಿ, ಒಸಿ ಬಣ್ಣಗಿಣ್ಣ ಬಳ್ದು ಚೆಂದಾಗಿ ಮಾಡ್ಕೊಡಿ. ನಮ್ಮೂರ್ಗೂ ಒಂದು ಇತಿಹಾಸ ಬ್ಯಾಡ್ವಾ?"

ನನಗೆ ಹಳೆಯ ಅಕ್ಷರ ಪೂರ್ತಿ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಕಲ್ಲು ತೊಳೆದು, ಸುಣ್ಣದ ಪುಡಿ ಸವರಿ, ಒಂದೊಂದೇ ಅಕ್ಷರ ಕೂಡಿಸಿದೆ. ತು, ರು. ಮುಂದಿನ ಅಕ್ಷರದ ಮೇಲೆ ಒಂದು ಬಿರುಕು ಅಡ್ಡ ಹಾದುಹೋಗಿತ್ತು. ಆ ಬಿರುಕನ್ನೂ ಅಕ್ಷರದ ಗೆರೆಯೆಂದು ತಿಳಿದು ಕ ಎಂದು ಓದಿದೆ. ತುರುಕ. ಮುಂದಿನದು ಸವೆದಿತ್ತು, ಕೊನೆಯಲ್ಲಿ "ಕಾದಿ ಸತ್ತ" ಎಂಬುದು ಸ್ಪಷ್ಟವಾಗಿತ್ತು. ತುರುಕರೊಡನೆ ಕಾದಿ ಸತ್ತ ವೀರ. ಸುತ್ತ ನಿಂತಿದ್ದ ಹುಡುಗರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಒಬ್ಬ ಶಿಳ್ಳೆ ಹೊಡೆದ. ಆ ಶಿಳ್ಳೆ ನನಗೆ ಹಿತವಾಗಿತ್ತು ಎಂಬುದನ್ನೂ ಬರೆದುಬಿಡುತ್ತೇನೆ.

ಅಕ್ಷರಗಳಿಗೆ ಬಿಳಿ ಎನಾಮಲ್ ತುಂಬಿದೆ. ಬಿರುಕಿಗೂ ತುಂಬಿದೆ. ಆಮೇಲೆ ಚಿತ್ರ. ವೀರನಿಗೆ ಮೀಸೆ, ಕೇಸರಿ ಪಂಚೆ. ಎದುರಿನವನಿಗೆ ಹಸಿರು ಅಂಗಿ, ತಲೆಗೆ ಪೇಟ, ಮುಖಕ್ಕೆ ಗಡ್ಡ, ಕತ್ತಿ ತಾಕಿದ ಎದೆಗೆ ಕೆಂಪು.

ಊರಿನವರು ಶಾಲು ಹೊದಿಸಿದರು. ಕಲ್ಲಿನ ಪಕ್ಕ ಫ್ಲೆಕ್ಸ್ ಬಂತು, ಕಬ್ಬಿಣದ ಬೇಲಿ ಬಂತು, ಮರಕ್ಕೆ ಬಾವುಟ ಬಂತು. ಗಿಣ್ಣುಹಾಲು ಹುಯ್ದರೆ ಬಣ್ಣ ಕೆಡುತ್ತದೆಂದು ಹೆಂಗಸರನ್ನು ಬೇಲಿಯ ಹೊರಗೆ ನಿಲ್ಲಿಸಿದರು. ಮುಂದಿನ ಹೇಮಗಿರಿ ಜಾತ್ರೆಯ ಬೆಳಿಗ್ಗೆ ನನ್ನ ಗೆಳೆಯ ಎಂದಿನಂತೆ ಕೆಂಡದ ಬಟ್ಟಲು ಹಿಡಿದು ಬಂದ. ಅಧ್ಯಕ್ಷ ಅವನನ್ನು ತಡೆದ. ಬೈಯಲಿಲ್ಲ, ಅಷ್ಟೇ ನಯವಾಗಿ ಹೇಳಿದ.

"ಈ ಸಾರಿ ಬ್ಯಾಡಿ ಸಾಬ್ರೇ. ನೋಡಿ, ಯಾರು ಯಾರ್ನ ವಡ್ದವ್ರೆ ಅಂತ ಬರ್ದದೆ. ನಿಮ್ಗೂ ಬೇಜಾರು, ನಮ್ಗೂ ಬೇಜಾರು."

ಗೆಳೆಯ ಬೇಲಿಯ ಹೊರಗಿಂದ ಚಿತ್ರವನ್ನು ಬಹಳ ಹೊತ್ತು ನೋಡಿದ. ನಾನು ಅಲ್ಲೇ ಇದ್ದೆ. ಅವನು ಬಟ್ಟಲಿನ ಕೆಂಡವನ್ನು ರಸ್ತೆಯ ಮಣ್ಣಿಗೆ ಸುರಿದು, ಚಪ್ಪಲಿಯ ಕಾಲಲ್ಲಿ ತುಳಿದು ಆರಿಸಿ ಹೋದ. ಸ್ವಲ್ಪ ಕಾಲಕ್ಕೆ ಮನೆ ಖಾಲಿ ಮಾಡಿ ನಾಗಮಂಗಲದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಮಗನ ಬಳಿ ಸೇರಿಕೊಂಡ. ಎತ್ತೇ ಇಲ್ಲದ ಊರಲ್ಲಿ ಲಾಳದವನಿಗೆ ಏನು ಕೆಲಸ, ಅದಕ್ಕೇ ಹೋದ ಎಂದು ಊರವರು ಮಾತಾಡಿಕೊಂಡರು. ನಾನೂ ಹಾಗೇ ಹೇಳುತ್ತಿದ್ದೆ.

ಆಮೇಲೆ ಪಾಂಡವಪುರದಲ್ಲಿ ಭಾನುವಾರಗಳಂದು ಶಾಸನ ಓದಲು ಕಲಿಸುವ ತರಗತಿ ಶುರುವಾಯಿತು. ಇತಿಹಾಸದ ಆಚಾರಿ ಎಂದು ಹೆಸರಾದವನು ಅಕ್ಷರವನ್ನಾದರೂ ಸರಿಯಾಗಿ ಕಲಿಯೋಣವೆಂದು ಸೇರಿದೆ. ಪಾಠ ಮಾಡುತ್ತಿದ್ದವರು ಒಬ್ಬ ಹೆಂಗಸು, ಕಾಲೇಜಿನ ಮೇಡಂ. ಒಂದು ದಿನ ವೀರಗಲ್ಲುಗಳ ಪಾಠ. ಹಳಗನ್ನಡದಲ್ಲಿ ಎರಡು ಬಗೆಯ ರ ಇದ್ದವು ಎಂದು ಹೇಳಿ ಬೋರ್ಡಿನ ಮೇಲೆ ದೊಡ್ಡದಾಗಿ ತುಱು ಎಂದು ಬರೆದರು. ತುಱು ಅಂದರೆ ದನ. ತುಱುಗೊಳ್ ಅಂದರೆ ದನ ಹೊಡೆದುಕೊಂಡು ಹೋಗುವುದು. ಗಡಿ ಸೀಮೆಗಳಲ್ಲಿ ಇದು ಮಾಮೂಲು, ಈ ಊರಿನವರು ಆ ಊರಿನ ದನ ಅಟ್ಟಿಕೊಂಡು ಬರುವುದು, ಅವರು ಬಿಡಿಸಿಕೊಳ್ಳಲು ಬರುವುದು, ಒಬ್ಬಿಬ್ಬರು ಸಾಯುವುದು. ನಿಮ್ಮ ಕಡೆಯ ವೀರಗಲ್ಲುಗಳಲ್ಲಿ ಇಂಥವು ಬೇಕಾದಷ್ಟಿವೆ ಅಂದರು. ತುಱುಗೊಳೊಳ್ ಕಾದಿ ಸತ್ತ.

ನಾನು ಬೆಂಚಿನ ಮೇಲೆ ಕೂತೇ ಇದ್ದೆ. ಅಕ್ಷರದ ಮೇಲಿನ ಬಿರುಕು ಕಣ್ಣ ಮುಂದೆ ಬಂತು. ಅದು ಕ ಆಗಿರಲಿಲ್ಲ, ಗೊ ಆಗಿತ್ತು. ರಾಜ, ಧರ್ಮ, ಸುಲ್ತಾನ ಯಾರೂ ಇಲ್ಲ. ಪಕ್ಕದ ಊರಿನವರ ಜೊತೆ ದನಕ್ಕಾಗಿ ಹೊಡೆದಾಡಿ ಸತ್ತ ಒಬ್ಬ ಒಕ್ಕಲಿನವನು. ಅವನ ಕಾಲ ಬಳಿ ದನ, ಕರು. ಅದಕ್ಕೇ ಗಿಣ್ಣು. ಅದಕ್ಕೇ ಎತ್ತುಗಳು ಅಲ್ಲಿ ನಿಲ್ಲುತ್ತಿದ್ದದ್ದು.

ಅಕ್ಷರ ತಪ್ಪಾಗಿ ಓದಿದೆ ಎಂದು ಹೇಳಿ ಇಲ್ಲಿಗೇ ಮುಗಿಸಿದರೆ ನನ್ನ ಮರ್ಯಾದೆ ಅಷ್ಟಿಷ್ಟು ಉಳಿಯುತ್ತದೆ. ಆದರೆ ಇನ್ನೂ ಇದೆ. ಆ ದಿನ ಎದುರಾಳಿಯ ತಲೆಗೆ ಬಣ್ಣ ಬಳಿಯುವಾಗ ಕಲ್ಲಿನ ಉಬ್ಬು ನನ್ನ ಬ್ರಷ್ಷಿಗೆ ತಾಕಿತ್ತು. ತಲೆಯ ಹಿಂದೆ ದುಂಡಗೆ ಕಟ್ಟಿದ ತುರುಬು. ವೀರನಿಗೂ ಅಂಥದೇ ತುರುಬು, ಅದೇ ಬದಿಗೆ. ಬೆರಳಿಟ್ಟು ನೋಡಿದ್ದೆ. ಇಬ್ಬರೂ ಒಂದೇ ಕಡೆಯವರು ಎಂದು ಬೆರಳಿಗೆ ಗೊತ್ತಾಗಿತ್ತು. ಹುಡುಗರು ಶಿಳ್ಳೆ ಹೊಡೆದಾಗಿತ್ತು, ಆ ತುರುಬಿನ ಮೇಲೆಯೇ ಹಸಿರು ಪೇಟ ಸುತ್ತಿದೆ. ಎದುರಾಳಿಯ ಮುಖ ಸವೆದು ನುಣ್ಣಗಾಗಿತ್ತು. ಗಡ್ಡದ ಮುಖವೆಂದರೆ ನನಗೆ ಹತ್ತಿರದಿಂದ ಗೊತ್ತಿದ್ದದ್ದು ಒಂದೇ, ಗೆಳೆಯನ ಅಪ್ಪನದು. ಹುಡುಗನಾಗಿದ್ದಾಗ ಅವರು ಎತ್ತಿನ ಕಾಲು ತೊಡೆಯ ಮೇಲಿಟ್ಟುಕೊಂಡು ಮೊಳೆ ಹೊಡೆಯುವುದನ್ನು ಎದುರಿಗೆ ಕೂತು ನೋಡುತ್ತಿದ್ದೆ. ಕೈ ತಾನಾಗಿ ಅದೇ ಮುಖ ಬರೆಯಿತು. ಮೂಗಿನ ಮೇಲಿದ್ದ ನರಹುಲಿಯನ್ನೂ ಬಿಡಲಿಲ್ಲ.

ಇದೆಲ್ಲ ಗೊತ್ತಿದ್ದೂ, ತರಗತಿ ಮುಗಿದು ವರ್ಷವಾದರೂ ಸುಮ್ಮನಿದ್ದೆ. ಹೇಳಿದರೆ ಶಾಲು ವಾಪಸು ಕೊಡಬೇಕಾಗುತ್ತಿರಲಿಲ್ಲ, ಆದರೆ ಅಂಗಡಿ ಮುಂದೆ ಹೋದರೆ ಬೆಂಚಿನ ಮೇಲೆ ಜಾಗ ಬಿಡುವವರು ಇರುತ್ತಿರಲಿಲ್ಲ. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಈ ವರ್ಷ ಜಾತ್ರೆ ಹತ್ತಿರ ಬಂದಾಗ ತಡೆಯಲಾಗದೆ ನಾಗಮಂಗಲದ ಬಸ್ಸು ಹತ್ತಿದೆ. ಗೆಳೆಯ ಮಗನ ಅಂಗಡಿಯ ಮುಂದೆ ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ.

"ಯಾರ್ಲಾ ಇದು. ಇತಿಹಾಸವೇ ಬಸ್ ಅತ್ಕಂಡು ಬಂದ್ಬುಡ್ತಲ್ಲ," ಅಂದ.

"ಮಾತಾಡ್ಬೇಕಿತ್ತು ಕಣ್ಲಾ ಸಾಬಿ."

"ಟೈರ್ ತಂದಿದ್ದೀಯಾ? ಟೈರ್ ತಂದೋರ್ ಜೊತೆ ಮಾತಾಡ್ತೀನಿ."

ನಾನು ನಿಂತೇ ಎಲ್ಲ ಹೇಳಿದೆ. ತುಱು, ಬಿರುಕು, ದನದ ಜಗಳ. ಅವನು ಟ್ಯೂಬಿನಿಂದ ಕಣ್ಣೆತ್ತಲಿಲ್ಲ.

"ಯಾವಾಗ ಗೊತ್ತಾಯ್ತು ನಿಂಗೆ?"

"ಓದ್ ವರ್ಸ."

"ವರ್ಸದಿಂದ ಏನ್ ಮಾಡ್ತಿದ್ದೆ?"

ಅವನು ಟ್ಯೂಬು ಕೆಳಗಿಟ್ಟು ಲುಂಗಿಗೆ ಕೈ ಒರೆಸಿಕೊಂಡ.

"ನೋಡ್ಲಾ ಆಚಾರಿ. ಅಕ್ಸರ ಓದಕ್ ಬರ್ನಿಲ್ಲ ಅಂದ್ರೆ ಒಪ್ಕತೀನಿ. ನಾನೂ ಲೆಕ್ಕದಲ್ಲಿ ಫೇಲಾದೋನೇ. ಆದ್ರೆ ನಮ್ಮ ಅಬ್ಬಾನ ಮೂಗಿನ್ ಮ್ಯಾಲಿನ ನರೂಲಿ ಯಾವ್ ಅಕ್ಸರದಲ್ಲಿ ಬರ್ದಿತ್ತಲಾ?"

ಅವನು ನೋಡಿದ್ದ. ಬೇಲಿಯ ಹೊರಗೆ ನಿಂತ ಆ ಬೆಳಿಗ್ಗೆಯೇ ನೋಡಿದ್ದ.

"ನಿಮ್ಮಪ್ಪನ ಎತ್ಗೆ ಸಾಯೋಗಂಟ ಲಾಳ ಕಟ್ದ ಮುದ್ಕ ಅದು. ಅವ್ನ ಎದೆಗೆ ಕತ್ತಿ ಚುಚ್ಚಿ, ಒಸಿ ಕೆಂಪು ಬ್ಯಾರೆ ಬಳ್ದಿದ್ದೀಯ. ಚೆಂದಾಗಿ ಬರ್ದಿದ್ದೆ ಬುಡು. ನನ್ ಎಂಡ್ರು ಫೋನಲ್ಲಿ ನೋಡಿ, ಮಾವನ ಫೋಟೋ ಎಲ್ಲಿ ಸಿಕ್ತು ಅಂತ ಕೇಳುದ್ಲು."

"ತಪ್ಪಾಗೋಯ್ತು ಕಣ್ಲಾ."

"ನನ್ನತ್ರ ಯೋಳಿ ಅಗುರ ಮಾಡ್ಕಬ್ಯಾಡ. ಯಾರ್ ಮುಂದೆ ಶಾಲು ಒದ್ಸ್ಕಂಡ್ಯೋ ಅವ್ರ್ ಮುಂದೆ ಯೋಳೋಗು. ಆ ಮೂತಿನ ನಿನ್ ಕೈಯಾಗೇ ಕೆರ್ದಾಕು. ಆಮ್ಯಾಕೆ ನೋಡಣ."

ಟೀ ಕುಡಿ ಅನ್ನಲಿಲ್ಲ. ಅವನ ಮನೆಯ ಮುಂದೆ ಹೋಗಿ ಟೀ ಇಲ್ಲದೆ ವಾಪಸಾದದ್ದು ಅದೇ ಮೊದಲು.

ಊರೆಲ್ಲ ಒಂದು ಕಡೆ ಸೇರುವುದು ಬೆಳಗಿನ ಹೊತ್ತು ಹಾಲಿನ ಡೈರಿಯ ಮುಂದೆ. ಮಾರನೆಯ ದಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರ ಎದುರಿಗೆ ನಿಂತು ಹೇಳಿದೆ. ಕಲ್ಲಿನಲ್ಲಿ ತುರುಕ ಇಲ್ಲ, ದನ ಇದೆ. ಪೇಟ ಇಲ್ಲ, ತುರುಬು ಇದೆ. ಗಡ್ಡ ನಾನು ಬರೆದದ್ದು, ಅದು ಯಾರ ಗಡ್ಡವೆಂದು ನಿಮ್ಮಲ್ಲಿ ವಯಸ್ಸಾದವರಿಗೆ ಗೊತ್ತು, ಗೊತ್ತಿದ್ದೂ ಸುಮ್ಮನಿದ್ದೀರಿ, ನನ್ನ ಹಾಗೆಯೇ.

ಹಿಂದಿನಿಂದ ಒಬ್ಬ, "ಆಚಾರ್ರಿಗೆ ಶುಗರ್ ಜಾಸ್ತಿ ಆಗದೆ ಕಣ್ರೋ," ಅಂದ. ಸಾಲು ನಕ್ಕಿತು. ಅಧ್ಯಕ್ಷ ನಗಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟ.

"ತಾತ, ನೀವ್ ತಪ್ಪು ಓದಿರ್ಬೋದು. ನಾವು ಸರಿಯಾಗೇ ನಂಬಿದ್ದೀವಿ. ಎಷ್ಟು ಊರಿಂದ ಜನ ಬತ್ತಾವ್ರೆ ಈಗ. ಸುಮ್ಕೆ ಮನೇಲಿ ರೆಸ್ಟ್ ತಕಳಿ. ಕಲ್ ತಂಟೆಗೆ ಬರ್ಬ್ಯಾಡಿ."

ಅವನ ಕೈಯನ್ನು ಹೆಗಲಿಂದ ಕೊಡವಿ ಹಾಕಿದೆ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆದರೆ ಅವನು ಹೇಳಿದ ಆ ಮಾತು ಎಲ್ಲಿಯದೆಂದು ನನಗೆ ಗೊತ್ತಿತ್ತು. ಗೋಡೆಯಿಂದ ಗೋಡೆಗೆ ಅದನ್ನು ಬಳಿದು ಕಲಿಸಿದವನು ನಾನೇ. ಓದುವುದು ಬೇರೆ, ನಂಬುವುದು ಬೇರೆ, ಚಿತ್ರ ನಂಬಿದವರ ಕಡೆಗೆ ಇರುತ್ತದೆ.

ಅಂದೇ ಹಗಲಿನಲ್ಲಿ, ಎಲ್ಲರೂ ನೋಡುವಾಗ, ಬಣ್ಣ ಬಿಡಿಸುವ ಎಣ್ಣೆ, ತಂತಿಯ ಬ್ರಷ್ಷು ಹಿಡಿದು ಬೇಲಿಯೊಳಗೆ ಕೂತೆ. ಮೊದಲು ಪೇಟ ಕೆರೆದೆ. ಹಸಿರಿನ ಕೆಳಗಿಂದ ತುರುಬು ಹೊರಗೆ ಬಂತು. ಗಡ್ಡದ ಅರ್ಧ ಹೋಗುವಷ್ಟರಲ್ಲಿ ಹುಡುಗರು ಬಂದು ಬ್ರಷ್ಷು ಕಿತ್ತುಕೊಂಡರು. ಒಬ್ಬ ಎಣ್ಣೆಯ ಡಬ್ಬಿಯನ್ನು ಕಾಲಲ್ಲಿ ಒದ್ದ. ನನ್ನನ್ನು ತೋಳು ಹಿಡಿದು ಎಬ್ಬಿಸಿ ಹೊರಗೆ ತಂದರು, ಆ ಕಲ್ಲಿನ ನಡುವಿನ ಸಾಲಿನಲ್ಲಿ ಸತ್ತವನನ್ನು ಒಯ್ಯುವ ಹಾಗೆಯೇ. ಕೆಟ್ಟ ಜಾಗವನ್ನು ಜಾತ್ರೆ ಕಳೆದ ಮೇಲೆ ಬೇರೆ ಪೇಂಟರನ್ನು ಕರೆಸಿ ಸರಿಮಾಡಿಸುತ್ತೇವೆ ಎಂದರು.

ಜಾತ್ರೆಯ ಬೆಳಿಗ್ಗೆ ನಾನು ರಸ್ತೆಯಲ್ಲಿ ನಿಂತಿದ್ದೆ. ಈಗ ಎತ್ತುಗಳು ಹೆಚ್ಚಾಗಿ ಟೆಂಪೋದಲ್ಲಿ ಹೋಗುತ್ತವೆ, ಹಟಕ್ಕೆ ನಡೆಸಿಕೊಂಡು ಹೋಗುವವರು ಕೆಲವರು ಮಾತ್ರ. ನಾಗಮಂಗಲದ ಬಸ್ಸಿನಿಂದ ಗೆಳೆಯ ಇಳಿದ. ಕೈಯಲ್ಲಿ ಅಪ್ಪನ ಕೆಂಡದ ಬಟ್ಟಲು, ಕಂಕುಳಲ್ಲಿ ಇದ್ದಿಲಿನ ಚೀಲ. ನನ್ನನ್ನು ಮಾತಾಡಿಸದೆ ಬೇಲಿಯ ಬಳಿ ಹೋಗಿ ಕಲ್ಲನ್ನು ನೋಡಿದ. ಅರ್ಧ ಗಡ್ಡ, ತೆರೆದ ತುರುಬು, ಒಂದು ಕಣ್ಣು, ನರಹುಲಿ.

"ಅರ್ದುಂಬರ್ದ ಮಾಡಿದ್ದೀಯ. ಈಗ ಯಾರ್ ತರ ಕಾಣ್ತಾನೆ ಗೊತ್ತಾ?"

"ಯಾರ್ ತರ?"

"ನಿನ್ ತರ."

ರಸ್ತೆಯ ಪಕ್ಕ, ಬೇಲಿಯ ಹೊರಗೆ, ಬಟ್ಟಲಿಟ್ಟು ಇದ್ದಿಲು ಹೊತ್ತಿಸಿದ. ಸಂಘದ ಹುಡುಗರು ಮರದ ಕೆಳಗಿಂದ ಎದ್ದು ಬಂದು ಸಾಲಾಗಿ ನಿಂತರು. ಲೋಬಾನದ ಹೊಗೆ ಎದ್ದಿತು. ಮೊದಲ ಟೆಂಪೋ ನಿಲ್ಲದೆ ಹೋಯಿತು. ಎರಡನೆಯದೂ ಹೋಯಿತು. ಆಮೇಲೆ ಒಂದು ಜೊತೆ ನಡೆಸಿಕೊಂಡು ಬರುತ್ತಿದ್ದ ಮುದುಕ, ಯಾವ ಊರಿನವನೋ, ಹುಡುಗರ ಕಡೆ ನೋಡದೆ ಎತ್ತುಗಳನ್ನು ಹೊಗೆಯ ಮುಂದೆ ನಿಲ್ಲಿಸಿದ.

"ಎಲ್ಲೋಗ್ಬುಟ್ಟಿದ್ರಿ ಸಾಬ್ರೇ ಇಷ್ಟ್ ವರ್ಸ? ಓದ್ ಸಾರಿ ಎಡಗಾಲ್ ಲಾಳ ಬಿದ್ದೋಗಿತ್ತು."

"ಇತಿಹಾಸ ಓದಕ್ ಓಗಿದ್ದೆ," ಅಂದ ಗೆಳೆಯ, ಗೊರಸಿಗೆ ಹೊಗೆ ತೋರಿಸುತ್ತ. ಆಮೇಲೆ ತಲೆ ಎತ್ತದೆ ನನಗೆ ಹೇಳಿದ, "ನರೂಲಿ ಅಂಗೇ ಅದೆ. ಅದ್ನೂ ಕೆರಿ."

ಬ್ರಷ್ಷು ಹುಡುಗರ ಬಳಿ ಇತ್ತು. ನಾನು ರಸ್ತೆಯ ಬದಿಯಿಂದ ಒಂದು ಜಲ್ಲಿಕಲ್ಲು ಎತ್ತಿಕೊಂಡು ಬೇಲಿಯ ಗೇಟು ತೆಗೆದೆ. ಅಧ್ಯಕ್ಷ ಅಡ್ಡ ಬಂದ. ಅವನ ಮುಖವನ್ನೇ ನೋಡಿಕೊಂಡು ಪಕ್ಕಕ್ಕೆ ಸರಿದು ಒಳಗೆ ಹೋಗಿ ಕೂತೆ. ಈ ಸಲ ಹೊರಗೆ ಎತ್ತುಗಳು ನಿಂತಿದ್ದವು, ಆ ಮುದುಕ ನೋಡುತ್ತಿದ್ದ, ಹಿಂದೆ ಇನ್ನೊಂದು ಟೆಂಪೋ ನಿಧಾನವಾಗಿತ್ತು. ಯಾರೂ ನನ್ನ ತೋಳು ಹಿಡಿಯಲಿಲ್ಲ. ಜಲ್ಲಿಕಲ್ಲಿನ ಚೂಪನ್ನು ಆ ಮೂಗಿನ ಮೇಲೆ ಇಟ್ಟು ಕೆರೆದೆ. ಆಮೇಲೆ ಕಣ್ಣು. ಆಮೇಲೆ ಉಳಿದ ಗಡ್ಡ. ಬಿರುಕಿನೊಳಗಿನ ಬಿಳಿ ಮಾತ್ರ ಆಳಕ್ಕೆ ಇಳಿದುಬಿಟ್ಟಿತ್ತು, ಎಷ್ಟು ಕೆರೆದರೂ ಬರಲಿಲ್ಲ. ಹೊಗೆ ಬೇಲಿಯೊಳಗೆ ಬಂದು ಕಣ್ಣು ಉರಿಯುತ್ತಿತ್ತು. ನಾನು ಕೆರೆಯುತ್ತಲೇ ಇದ್ದೆ.